ಕೋಚಿಂಗ್ ಇಲ್ಲದೆ ಪಿಯುಸಿ ಸೈನ್ಸ್: ನಿಮ್ಮ ಉತ್ತರಕ್ಕೆ ಕೆಂಪು ಪೆನ್ನು ಹಿಡಿಯುವವರು ಯಾರು?

ಸಕಲೇಶಪುರದ ಆಚೆಯ ಊರಿಂದ ಹಾಸನಕ್ಕೋ ಮೂಡಿಗೆರೆ ಕಡೆಯಿಂದ ಚಿಕ್ಕಮಗಳೂರಿಗೋ ಬಸ್ಸಿನಲ್ಲಿ ಓಡಾಡಿ ಪಿಯುಸಿ ಓದುವವರಿಗೆ ಸಂಜೆ ಕೋಚಿಂಗ್ ಅನ್ನುವುದು ದುಡ್ಡಿನ ಪ್ರಶ್ನೆಗಿಂತ ಮೊದಲು ಕೊನೇ ಬಸ್ಸಿನ ಪ್ರಶ್ನೆ. ಹಾಗಾಗಿ ಸ್ವಂತ ಓದೇ ಗತಿ ಅಂದುಕೊಂಡವರು ಒಂದು ವಿಷಯ ಬಿಡಿಸಿ ನೋಡಬೇಕು. ಕೋಚಿಂಗಿಗೆ ಹೋದವರಿಗೆ ಅಲ್ಲಿ ಸಿಗುವುದೇನು? ಪಾಠ ಕಾಲೇಜಿನಲ್ಲೂ ಇದೆ, ಪುಸ್ತಕದಲ್ಲೂ ಇದೆ, ಮೊಬೈಲಿನಲ್ಲಂತೂ ಬೇಡವೆಂದರೂ ಇದೆ. ವಾರಕ್ಕೊಂದು ಟೆಸ್ಟ್ ಇಟ್ಟು, ‘ಇಲ್ಲಿ ತಪ್ಪಿದೆ ನೋಡು’ ಅಂತ ಕೆಂಪು ಪೆನ್ನಿನಲ್ಲಿ ಗೀಚುವವರು ಮಾತ್ರ ಮನೆಯಲ್ಲಿ ಸಿಗುವುದಿಲ್ಲ. ಒಬ್ಬರೇ ಓದುವವರು ಮೊದಲು ಹೊಂದಿಸಿಕೊಳ್ಳಬೇಕಾದ್ದು ಆ ಕೆಂಪು ಪೆನ್ನನ್ನು.

ಯಾವ ಅಂಕ ಎಷ್ಟು ತೂಗುತ್ತದೆ

ಓದಲು ಕೂರುವ ಮುಂಚೆ ಈ ಲೆಕ್ಕ ಮಾಡಿ. ಸೆಕೆಂಡ್ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ ಥಿಯರಿ 70, ಪ್ರಾಕ್ಟಿಕಲ್ 30. ಗಣಿತಕ್ಕೆ 80 ಮತ್ತು ಆಂತರಿಕ ಮೌಲ್ಯಮಾಪನ 20. ಎಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ.

ಅಂದರೆ ಪಿಯುಸಿಯ 300 ಅಂಕ ಸೇರಿ 50 ಆಗುತ್ತದೆ, ಸಿಇಟಿಯ 180 ಸೇರಿ ಇನ್ನೊಂದು 50. ಪಿಯುಸಿಯ ಒಂದು ಅಂಕದ ಬೆಲೆ 0.167, ಸಿಇಟಿಯ ಒಂದು ಪ್ರಶ್ನೆಯ ಬೆಲೆ 0.278. ಲ್ಯಾಬಿನಲ್ಲಿ ರೆಕಾರ್ಡ್ ಬರೆಯದೆ, ವೈವಾಗೆ ಬಾಯಿ ಬಿಡದೆ 6 ಅಂಕ ಕಳೆದುಕೊಂಡರೆ ಸಿಇಟಿಯಲ್ಲಿ ಮೂರೂವರೆ ಪ್ರಶ್ನೆ ತಪ್ಪು ಮಾಡಿದಂತೆ. ಮೂರೂವರೆ ಪ್ರಶ್ನೆಗೆ ರ್‍ಯಾಂಕ್ ಎಷ್ಟು ಜಾರುತ್ತದೆ ಅನ್ನುವುದು ಕೌನ್ಸೆಲಿಂಗ್ ಮುಗಿಸಿದ ಯಾವ ಸೀನಿಯರ್‌ಗೂ ಗೊತ್ತು. ‘ಸಿಇಟಿಗೆ ಮಾತ್ರ ಓದ್ತೀನಿ, ಬೋರ್ಡ್ ಎಕ್ಸಾಂ ಹೇಗೋ ಆಗುತ್ತೆ’ ಅನ್ನುವವರು ಈ ಲೆಕ್ಕ ಮಾಡಿರುವುದಿಲ್ಲ.

ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯುವವರ ಲೆಕ್ಕ ಬೇರೆ. ಅಲ್ಲಿ 180 ಪ್ರಶ್ನೆ, 720 ಅಂಕ, 3 ಗಂಟೆ. ಅರ್ಧ ಪ್ರಶ್ನೆ, ಅಂದರೆ 90, ಬಯಾಲಜಿಯದು. ಸರಿಯಾದರೆ 4, ತಪ್ಪಾದರೆ ಒಂದು ಕಡಿತ.

ಹಳೇ ಪುಸ್ತಕ ಕೊಳ್ಳುವಾಗ

ರಾಜ್ಯದ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಇದೆ, ಅದರ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಆದರೂ ಸೀನಿಯರ್‌ಗಳಿಂದ ಅರ್ಧ ಬೆಲೆಗೆ ಪುಸ್ತಕ ತೆಗೆದುಕೊಳ್ಳುವುದು ವಾಡಿಕೆ. ತೆಗೆದುಕೊಳ್ಳಿ, ಆದರೆ ಮೊದಲು ಪರಿವಿಡಿ ನೋಡಿ. ಸೆಕೆಂಡ್ ಪಿಯು ಕೆಮಿಸ್ಟ್ರಿಯಲ್ಲಿ 16 ಅಧ್ಯಾಯ ಇದ್ದರೆ ಅದು ಹಳೇ ಆವೃತ್ತಿ, ಈಗಿನದರಲ್ಲಿ 10 ಮಾತ್ರ. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್ ಎಲ್ಲ ಹೋಗಿವೆ. ಫಿಸಿಕ್ಸ್‌ನ ಕೊನೆಗೆ ಕಮ್ಯುನಿಕೇಶನ್ ಸಿಸ್ಟಮ್ಸ್ ಇದ್ದರೆ ಅದೂ ಹಳೆಯದೇ. ಈ ಗೊಂದಲ ವಿದ್ಯಾರ್ಥಿಗಳಿಗಷ್ಟೇ ಆಗುವಂಥದ್ದಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದು, ಗಲಾಟೆಯಾಗಿ, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು.

ಹಾಗಂತ ಹಳೇ ಕೆಮಿಸ್ಟ್ರಿ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಪಿ-ಬ್ಲಾಕ್ ಅಧ್ಯಾಯ ಸೆಕೆಂಡ್ ಪಿಯು ಪಠ್ಯದಲ್ಲಿ ಈಗ ಇಲ್ಲದಿದ್ದರೂ ನೀಟ್ ಪಠ್ಯಕ್ರಮದಲ್ಲಿ ಇದೆ. ನೀಟ್ ಬರೆಯುವವರಿಗೆ ಆ ಒಂದು ಅಧ್ಯಾಯಕ್ಕೇ ಹಳೇ ಪುಸ್ತಕ ಬೇಕು.

ಇನ್ನು ಗೈಡುಗಳು. ಒಂದು ವಿಷಯಕ್ಕೆ ಪಠ್ಯಪುಸ್ತಕ ಒಂದು, ಹಳೇ ಪ್ರಶ್ನೆಗಳ ಪುಸ್ತಕ ಒಂದು, ಇಷ್ಟು ಸಾಕು. ಮೂರನೆಯದು ಟೇಬಲ್ ಮೇಲೆ ಬಂದ ದಿನದಿಂದ ಮೊದಲ ಎರಡೂ ಅರ್ಧಕ್ಕೇ ನಿಲ್ಲುತ್ತವೆ.

ಕೆಂಪು ಪೆನ್ನು ಹೊಂದಿಸಿಕೊಳ್ಳುವುದು

ಬೋರ್ಡಿನ ವೆಬ್‌ಸೈಟಿನಲ್ಲಿ ಮಾಡೆಲ್ ಪೇಪರ್, ಹಳೇ ಪ್ರಶ್ನೆಪತ್ರಿಕೆ ಜತೆಗೆ ‘ಸ್ಕೀಮ್ ಆಫ್ ವ್ಯಾಲ್ಯುಯೇಶನ್’ ಎಂಬ ಕಡತವೂ ಸಿಗುತ್ತದೆ. ಪ್ರಶ್ನೆಪತ್ರಿಕೆಯನ್ನು ಎಲ್ಲರೂ ಇಳಿಸಿಕೊಳ್ಳುತ್ತಾರೆ, ಇದನ್ನು ತೆರೆದು ನೋಡುವವರು ಕಮ್ಮಿ. ಯಾವ ಸಾಲಿಗೆ ಎಷ್ಟು ಅಂಕ ಅನ್ನುವುದು ಅದರಲ್ಲಿದೆ. ಸೂತ್ರಕ್ಕೆ ಒಂದು, ಬೆಲೆ ಹಾಕಿದ್ದಕ್ಕೆ ಒಂದು, ಯೂನಿಟ್ ಸಮೇತ ಉತ್ತರಕ್ಕೆ ಒಂದು, ಹೀಗೆ. ಶನಿವಾರ ಪೇಪರ್ ಬರೆದು, ಒಂದು ರಾತ್ರಿ ಕಳೆದ ಮೇಲೆ ಭಾನುವಾರ ಬೆಳಿಗ್ಗೆ ಈ ಸ್ಕೀಮ್ ಪಕ್ಕಕ್ಕಿಟ್ಟು ನಿಮ್ಮ ಉತ್ತರಕ್ಕೆ ನೀವೇ ಅಂಕ ಹಾಕಿ. ಬರೆದ ತಕ್ಷಣ ತಿದ್ದಿದರೆ ಮನಸ್ಸಿನಲ್ಲಿದ್ದದ್ದಕ್ಕೂ ಅಂಕ ಕೊಟ್ಟುಕೊಳ್ಳುತ್ತೇವೆ. ಕಾಲೇಜಿನಲ್ಲಿ ಗೆಳೆಯರಿದ್ದರೆ ಪೇಪರ್ ಅದಲುಬದಲು ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು. ಬೇರೆಯವರ ತಪ್ಪು ಹುಡುಕುವಾಗ ನಮಗೆ ಇಲ್ಲದ ಚುರುಕೆಲ್ಲ ಬರುತ್ತದೆ.

ಜತೆಗೆ 200 ಪುಟದ ಒಂದು ಲಾಂಗ್ ಬುಕ್ ಬೇಕು, ತಪ್ಪುಗಳಿಗೆ ಅಂತಲೇ. ಪುಟಕ್ಕೆ ನಾಲ್ಕು ಕಾಲಂ ಎಳೆಯಿರಿ: ಪ್ರಶ್ನೆ ಎಲ್ಲಿಯದು, ನಾನು ಏನು ಬರೆದೆ, ಯಾಕೆ ತಪ್ಪಿತು, ಮತ್ತೆ ಮಾಡಿದ ತಾರೀಕು. ಮೂರನೇ ಕಾಲಂನಲ್ಲಿ ‘ಅಜಾಗರೂಕತೆ’ ಅಂತ ಬರೆಯುವ ಹಾಗಿಲ್ಲ, ಆ ಪದದಿಂದ ಏನೂ ಗೊತ್ತಾಗುವುದಿಲ್ಲ. ಈ ನಾಲ್ಕರಲ್ಲಿ ಒಂದನ್ನು ಬರೆಯಿರಿ: ಗೊತ್ತೇ ಇರಲಿಲ್ಲ, ಗೊತ್ತಿದ್ದರೂ ನೆನಪಾಗಲಿಲ್ಲ, ಲೆಕ್ಕ ಕೈಕೊಟ್ಟಿತು, ಪ್ರಶ್ನೆ ಓದಿದ್ದೇ ತಪ್ಪು. ಎರಡು ತಿಂಗಳಾದ ಮೇಲೆ ಎಣಿಸಿ ನೋಡಿದರೆ ನಿಮ್ಮ ಕಾಯಿಲೆ ಯಾವುದು ಅಂತ ಕಾಣುತ್ತದೆ. ಬಹಳ ಮಂದಿ ಮೊದಲನೆಯದು ಅಂದುಕೊಂಡು ಮತ್ತೆ ಮತ್ತೆ ಪಾಠ ಓದುತ್ತಿರುತ್ತಾರೆ, ತಪ್ಪುಗಳ ಪುಸ್ತಕದಲ್ಲಿ ಸಿಗುವುದು ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ತಪ್ಪಾದ ಪ್ರಶ್ನೆಯನ್ನು ಮೂರನೇ ದಿನ, ಹತ್ತನೇ ದಿನ, ತಿಂಗಳಾದ ಮೇಲೆ, ಒಟ್ಟು ಮೂರು ಸಲ ಖಾಲಿ ಹಾಳೆಯಲ್ಲಿ ಮಾಡಿ. ಮೂರೂ ಸಲ ಸರಿಯಾದರೆ ಅಡ್ಡಗೆರೆ ಎಳೆದುಬಿಡಿ.

ಫಿಸಿಕ್ಸ್: ಉತ್ತರವೇ ನಿಮ್ಮನ್ನು ತಿದ್ದುವಂತೆ

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಭೂಸ್ಥಿರ ಉಪಗ್ರಹಗಳ ನಿಯಂತ್ರಣ ಅಲ್ಲಿಂದ ನಡೆಯುತ್ತದೆ. ಅಂಥ ಉಪಗ್ರಹ ಎಷ್ಟು ಎತ್ತರದಲ್ಲಿರುತ್ತದೆ? ಫಸ್ಟ್ ಪಿಯು ಗ್ರಾವಿಟೇಶನ್ ಅಧ್ಯಾಯದ ಪ್ರಶ್ನೆ ಇದು.

ಕಕ್ಷೆಯ ತ್ರಿಜ್ಯದ ಘನ ಎಂದರೆ ಗುರುತ್ವ ವೇಗೋತ್ಕರ್ಷ, ಭೂಮಿಯ ತ್ರಿಜ್ಯದ ವರ್ಗ, ಸುತ್ತುವ ಅವಧಿಯ ವರ್ಗ ಇವು ಮೂರರ ಗುಣಲಬ್ಧವನ್ನು ಪೈ ವರ್ಗದ ನಾಲ್ಕರಷ್ಟರಿಂದ ಭಾಗಿಸಿದ್ದು. 9.8, 64 ಲಕ್ಷ ಮೀಟರ್, 86,400 ಸೆಕೆಂಡ್ ಹಾಕಿ. ಉತ್ತರ ಸುಮಾರು 7.59 × 10ರ ಘಾತ 22. ಈಗ ಘನಮೂಲ ತೆಗೆಯಬೇಕು, ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಮೊದಲು ಘಾತವನ್ನು ಮೂರರಿಂದ ಭಾಗವಾಗುವಂತೆ ಮಾಡಿಕೊಳ್ಳಿ: 75.9 × 10ರ ಘಾತ 21. 4.2ರ ಘನ 74.1, 4.25ರ ಘನ 76.8. ಹಾಗಾದರೆ ನಮಗೆ ಬೇಕಾದ್ದು 4.23ರ ಆಸುಪಾಸು. ತ್ರಿಜ್ಯ 4.23 ಕೋಟಿ ಮೀಟರ್, ಅಂದರೆ 42,300 ಕಿಲೋಮೀಟರ್.

ಬಹಳ ಜನ ಇಲ್ಲೇ ಪೆನ್ನು ಮುಚ್ಚುತ್ತಾರೆ. ಕೇಳಿದ್ದು ಎತ್ತರ, ಬಂದಿರುವುದು ಭೂಮಿಯ ಕೇಂದ್ರದಿಂದ ಇರುವ ದೂರ. 6,400 ಕಳೆದರೆ 35,900. ಭೂಸ್ಥಿರ ಕಕ್ಷೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ ಅನ್ನುವುದು ನೆನಪಿದ್ದರೆ, 42,300 ಬಂದ ಕೂಡಲೇ ಏನೋ ಬಿಟ್ಟಿದ್ದೇನೆ ಅಂತ ಹೊಳೆಯುತ್ತದೆ. ಇಂಥ ಮೂವತ್ತು ನಲವತ್ತು ‘ಗೊತ್ತಿರುವ ಉತ್ತರ’ಗಳನ್ನು ಒಂದೇ ಪುಟದಲ್ಲಿ ಬರೆದಿಟ್ಟುಕೊಳ್ಳಿ: ಹೈಡ್ರೋಜನ್ನಿನ ತಳಮಟ್ಟದ ಶಕ್ತಿ ಮೈನಸ್ 13.6 ಎಲೆಕ್ಟ್ರಾನ್ ವೋಲ್ಟ್, ಕಾಣುವ ಬೆಳಕಿನ ತರಂಗದೂರ 400ರಿಂದ 700 ನ್ಯಾನೋಮೀಟರ್, ಹೀಗೆ. ಉತ್ತರ ಇವುಗಳ ಹತ್ತಿರಕ್ಕೂ ಬರದಿದ್ದರೆ ಘಾತದಲ್ಲಿ ಎಡವಿದ್ದೀರಿ.

ಬೋರ್ಡ್ ಪರೀಕ್ಷೆಯ ಫಿಸಿಕ್ಸ್ ಪೇಪರಿನ ತಲೆಯಲ್ಲೇ ಎರಡು ಸೂಚನೆ ಇರುತ್ತವೆ. ಸೂತ್ರ ಬರೆಯದೆ ಬಿಡಿಸಿದ ಲೆಕ್ಕಕ್ಕೆ ಅಂಕ ಇಲ್ಲ, ಚಿತ್ರ ಬೇಕಾದಲ್ಲಿ ಚಿತ್ರವಿಲ್ಲದ ಉತ್ತರಕ್ಕೂ ಅಂಕ ಇಲ್ಲ. ಸಿಇಟಿ ಓದಿನಲ್ಲಿ ಮುಳುಗಿದವರು ಮನಸ್ಸಿನಲ್ಲೇ ಲೆಕ್ಕ ಮಾಡಿ ಉತ್ತರ ಮಾತ್ರ ಬರೆದು ಅಂಕ ಕಳೆದುಕೊಳ್ಳುವುದು ಇಲ್ಲಿ. ಡೆರಿವೇಶನ್‌ಗಳನ್ನು ಕಣ್ಣಿನಿಂದ ಓದಿದರೆ ಬಂದಂತೆಯೇ ಅನಿಸುತ್ತದೆ. ಪುಸ್ತಕ ಮುಚ್ಚಿ ಬರೆಯಿರಿ, ನಿಂತ ಸಾಲಿನ ಪಕ್ಕ ಚುಕ್ಕೆ ಇಡಿ, ಆ ಒಂದು ಸಾಲನ್ನು ಮಾತ್ರ ಪುಸ್ತಕದಲ್ಲಿ ನೋಡಿ ಮತ್ತೆ ಮುಚ್ಚಿ.

ಕೆಮಿಸ್ಟ್ರಿ

ಇಲ್ಲೂ ಅದೇ ಉಪಾಯ. ಡೇನಿಯಲ್ ಕೋಶದಲ್ಲಿ ಝಿಂಕ್ ಅಯಾನು 0.1 ಮೋಲಾರ್, ತಾಮ್ರದ ಅಯಾನು 0.01 ಮೋಲಾರ್, ಸ್ಟ್ಯಾಂಡರ್ಡ್ ಇಎಂಎಫ್ 1.10 ವೋಲ್ಟ್, ಉಷ್ಣತೆ 298 ಕೆಲ್ವಿನ್. ನರ್ನ್‌ಸ್ಟ್ ಸಮೀಕರಣದಲ್ಲಿ 0.059 ಭಾಗಿಸು 2, ಅಂದರೆ 0.0295. ಲಾಗ್ ಒಳಗೆ ಝಿಂಕ್ ಮೇಲೆ, ತಾಮ್ರ ಕೆಳಗೆ: 10. ಲಾಗ್ 10 ಎಂದರೆ 1. ಉತ್ತರ 1.0705 ವೋಲ್ಟ್. ಮೇಲೆ ಕೆಳಗೆ ಅದಲುಬದಲಾದರೆ 1.1295 ಬರುತ್ತದೆ, ಅದೂ ನೋಡಲು ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಲೆಕ್ಕಕ್ಕೆ ಮೊದಲು ಒಂದು ಮಾತು ಕೇಳಿಕೊಳ್ಳಿ: ಕ್ರಿಯೆಯಲ್ಲಿ ಹುಟ್ಟುವ ಝಿಂಕ್ ಅಯಾನು ಜಾಸ್ತಿ, ಖರ್ಚಾಗುವ ತಾಮ್ರದ ಅಯಾನು ಕಮ್ಮಿ, ಅಂದ ಮೇಲೆ ಕ್ರಿಯೆಗೆ ತಳ್ಳುವ ಬಲ ಹೆಚ್ಚಬೇಕೋ ತಗ್ಗಬೇಕೋ? ತಗ್ಗಬೇಕು. 1.10ಕ್ಕಿಂತ ಹೆಚ್ಚು ಬಂದರೆ ಅದು ತಪ್ಪು ಉತ್ತರ, ಕೀ ನೋಡುವ ಅಗತ್ಯವೇ ಇಲ್ಲ. ಬೋರ್ಡ್ ಪರೀಕ್ಷೆಯ ಕೆಮಿಸ್ಟ್ರಿಗೆ ಲಾಗ್ ಟೇಬಲ್ ಬಳಸಬಹುದು, ಸೈಂಟಿಫಿಕ್ ಕ್ಯಾಲ್ಕುಲೇಟರ್ ನಡೆಯುವುದಿಲ್ಲ. ಆದ್ದರಿಂದ ಮನೆಯಲ್ಲೂ ಮೊಬೈಲ್ ಕ್ಯಾಲ್ಕುಲೇಟರ್ ಮುಟ್ಟಬೇಡಿ.

ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಅಧ್ಯಾಯವಾರು ಉರು ಹೊಡೆದರೆ ಅಮೈನ್ಸ್‌ಗೆ ಬರುವ ಹೊತ್ತಿಗೆ ಹ್ಯಾಲೋಆಲ್ಕೇನ್ ಮರೆತಿರುತ್ತದೆ. ಒಂದು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಆಲ್ಕೋಹಾಲ್, ಆಲ್ಡಿಹೈಡ್, ಆಮ್ಲ, ಅಮೈನ್ ಎಲ್ಲ ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು, ಬಾಣದ ಮೇಲೆ ರಿಯೇಜೆಂಟ್ ಬರೆಯಿರಿ. ಹೊಸ ಅಧ್ಯಾಯ ಮುಗಿದ ಹಾಗೆ ಬಾಣಗಳು ಸೇರುತ್ತಾ ಹೋಗಲಿ. ಪರೀಕ್ಷೆಗಳ ವಿಷಯದಲ್ಲಿ ಎಡವುವ ಜಾಗ ಗೊತ್ತಿರುವುದೇ: ಅಯೊಡೋಫಾರ್ಮ್ ಪರೀಕ್ಷೆಗೆ ಎಥನಾಲ್ ಉತ್ತರಿಸುತ್ತದೆ, ಮೆಥನಾಲ್ ಇಲ್ಲ, 2-ಪೆಂಟನೋನ್ ಹೌದು, 3-ಪೆಂಟನೋನ್ ಅಲ್ಲ.

ಲ್ಯಾಬಿನಲ್ಲಿ ಟೈಟ್ರೇಶನ್. ಬ್ಯೂರೆಟ್‌ನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಕೋನಿಕಲ್ ಫ್ಲಾಸ್ಕಿನಲ್ಲಿ ಪಿಪೆಟ್‌ನಿಂದ ಅಳೆದು ಹಾಕಿದ ಆಕ್ಸಾಲಿಕ್ ಆಮ್ಲ, ಅದಕ್ಕೆ ಡೈಲ್ಯೂಟ್ ಸಲ್ಫ್ಯೂರಿಕ್ ಆಮ್ಲ ಸೇರಿಸಿ 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು. ತಣ್ಣಗಿದ್ದರೆ ಕ್ರಿಯೆ ತೀರಾ ನಿಧಾನ. ಕಂದು ಬಣ್ಣದ ಕದಡು ಕಂಡರೆ ಆಮ್ಲ ಸಾಲದಾಗಿದೆ ಅಥವಾ ಪರ್ಮಾಂಗನೇಟನ್ನು ಒಮ್ಮೆಗೇ ಸುರಿದಿದ್ದೀರಿ. ಅದನ್ನು ಚೆಲ್ಲಿ ಹೊಸದಾಗಿ ಶುರು ಮಾಡಿ. ಮೊದಲ ಹನಿಗಳ ಬಣ್ಣ ನಿಧಾನಕ್ಕೆ ಮಾಯವಾಗುತ್ತದೆ, ಆಮೇಲೆ ಬೇಗ ಬೇಗ. ಹುಟ್ಟಿದ ಮ್ಯಾಂಗನೀಸ್ ಅಯಾನು ತಾನೇ ಕ್ರಿಯೆಯನ್ನು ಚುರುಕು ಮಾಡುವುದು ಅದಕ್ಕೆ ಕಾರಣ, ವೈವಾದಲ್ಲಿ ಕೇಳುವ ಪ್ರಶ್ನೆ ಅದು. ತಿಳಿ ಗುಲಾಬಿ ಅರ್ಧ ನಿಮಿಷ ನಿಂತರೆ ಎಂಡ್ ಪಾಯಿಂಟ್. ದ್ರಾವಣ ಗಾಢ ಬಣ್ಣದ್ದಾದ್ದರಿಂದ ಬ್ಯೂರೆಟ್ ರೀಡಿಂಗನ್ನು ಮೇಲಿನ ಅಂಚಿನಲ್ಲಿ ಓದಬೇಕು. ಹೈಡ್ರೋಕ್ಲೋರಿಕ್ ಆಮ್ಲ ಯಾಕೆ ಬೇಡ? ಪರ್ಮಾಂಗನೇಟ್ ಅದರ ಕ್ಲೋರೈಡನ್ನೇ ಕ್ಲೋರಿನ್ ಮಾಡುತ್ತದೆ. ಆಕ್ಸಾಲಿಕ್ ಆಮ್ಲದ ಬದಲು ಮೋರ್ ಲವಣವಾದರೆ (ಫೆರಸ್ ಅಮೋನಿಯಂ ಸಲ್ಫೇಟ್) ಬಿಸಿ ಮಾಡಲೇಬೇಡಿ, ಫೆರಸ್ ಗಾಳಿಗೇ ಉತ್ಕರ್ಷಣ ಹೊಂದುತ್ತದೆ.

ಬಯಾಲಜಿ

ಇದನ್ನು ಗೆರೆ ಎಳೆದು ಎಳೆದು ಓದುವವರೇ ಹೆಚ್ಚು, ಕೊನೆಗೆ ಇಡೀ ಪುಟ ಹಳದಿಯಾಗಿರುತ್ತದೆ. ಗೆರೆ ಎಳೆಯುವ ಬದಲು ಪ್ರತಿ ಪ್ಯಾರಾದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಬರೆಯಿರಿ. ಮರುದಿನ ಪ್ಯಾರಾ ಮೇಲೆ ಹಾಳೆ ಮುಚ್ಚಿ ಅಂಚಿನ ಪ್ರಶ್ನೆಗಳಿಗೆ ಉತ್ತರ ಹೇಳಿ. ಬಸ್ಸಿನಲ್ಲಿ ನಿಂತುಕೊಂಡೂ ಮಾಡಬಹುದಾದ ಓದು ಇದೊಂದೇ. ಲೆಕ್ಕ ಬಸ್ಸಿನಲ್ಲಿ ಆಗುವುದಿಲ್ಲ, ಸುಮ್ಮನೆ ಪ್ರಯತ್ನಿಸಬೇಡಿ.

ಪಠ್ಯದಲ್ಲಿರುವುದನ್ನು ಊರಿನಲ್ಲಿ ಹುಡುಕಿದರೆ ಉರು ಹೊಡೆಯುವುದು ತಪ್ಪುತ್ತದೆ. ಅರಸೀಕೆರೆಯ ಎಳನೀರು ಕುಡಿಯುವಾಗ ಕುಡಿಯುತ್ತಿರುವುದು ಫ್ರೀ ನ್ಯೂಕ್ಲಿಯರ್ ಎಂಡೋಸ್ಪರ್ಮ್, ಸುತ್ತಲಿನ ಗಂಜಿ ಸೆಲ್ಯುಲರ್ ಎಂಡೋಸ್ಪರ್ಮ್. ರೋಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅರೇಬಿಕಾ ಕಟ್ಟುತ್ತದೆ. ಸೆಲ್ಫ್ ಇನ್‌ಕಂಪ್ಯಾಟಿಬಿಲಿಟಿ ಎಂಬ ಪದದ ಅರ್ಥ ತೋಟದವರ ಮನೆಯಲ್ಲಿ ಹೇಳಿಕೊಡಬೇಕಾಗಿಯೇ ಇಲ್ಲ. ಬೋರ್ಡ್ ಪೇಪರಿನಲ್ಲಿ ಭಾಗಗಳನ್ನು ಗುರುತಿಸದ ಚಿತ್ರಕ್ಕೆ ಅಂಕ ಬರುವುದಿಲ್ಲ. ಭ್ರೂಣಕೋಶ ಬರೆದರೆ ಏಳು ಕೋಶ, ಎಂಟು ನ್ಯೂಕ್ಲಿಯಸ್ ಎಣಿಸಿ ನೋಡಿ ಮುಂದಕ್ಕೆ ಹೋಗಿ.

ಗಣಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಠ್ಯದ ಉದಾಹರಣೆಗಳನ್ನು ಪರಿಹಾರ ಮುಚ್ಚಿಟ್ಟು ಮಾಡಿ, ಅಭ್ಯಾಸಗಳನ್ನು ಪೂರ್ತಿ ಮುಗಿಸಿ, ಅಧ್ಯಾಯದ ಕೊನೆಯ ಮಿಸಲೇನಿಯಸ್ ಲೆಕ್ಕಗಳನ್ನು ಬಿಡಬೇಡಿ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲ ಎರಡು ತಿಂಗಳು ಒಂದು ಪದಗಳ ಪುಸ್ತಕ ಇಡಿ: ಸಂವೇಗ ಅಂದರೆ ಮೊಮೆಂಟಮ್, ವೇಗೋತ್ಕರ್ಷ ಅಂದರೆ ಆಕ್ಸಲರೇಶನ್. ವಿಷಯ ನಿಮಗೆ ಗೊತ್ತಿರುವುದೇ, ಹೆಸರು ಮಾತ್ರ ಬದಲು. ನೀಟ್ ಪೇಪರನ್ನು ಕನ್ನಡದಲ್ಲೂ ಆರಿಸಿಕೊಳ್ಳಬಹುದು, ಪಕ್ಕದಲ್ಲೇ ಇಂಗ್ಲಿಷ್ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷಿನದೇ ಅಂತಿಮ.

ಜೂನ್‌ನಿಂದ ಮೇವರೆಗೆ

ಸಿಇಟಿ, ನೀಟ್ ಎರಡಕ್ಕೂ ಫಸ್ಟ್ ಪಿಯು ಪಾಠ ಬೇಕು, ಬೋರ್ಡ್ ಪರೀಕ್ಷೆಗೆ ಬೇಡ. ಹಾಗಾಗಿ ಅದನ್ನು ‘ಮಾರ್ಚ್ ಆದ ಮೇಲೆ ನೋಡೋಣ’ ಅಂತ ತಳ್ಳುತ್ತಾರೆ. ಮಾರ್ಚ್ ಆದ ಮೇಲೆ ಸಿಇಟಿಗೆ ಉಳಿಯುವುದು ಕೆಲವೇ ವಾರ. ಫಸ್ಟ್ ಪಿಯುವಿನ ಫಿಸಿಕ್ಸ್ 14, ಕೆಮಿಸ್ಟ್ರಿ 9, ಗಣಿತ 14, ಸೇರಿ 37 ಅಧ್ಯಾಯ. ಜೂನ್‌ನಿಂದ ಫೆಬ್ರುವರಿವರೆಗೆ ಇರುವ ಭಾನುವಾರಗಳೂ ಹೆಚ್ಚುಕಮ್ಮಿ ಅಷ್ಟೇ. ತಿದ್ದುವ ಕೆಲಸ ಮುಗಿದ ಮೇಲೆ ಭಾನುವಾರಕ್ಕೆ ಒಂದು ಅಧ್ಯಾಯ, ಹಳೇ ಸಿಇಟಿ ಪ್ರಶ್ನೆಗಳ ಸಮೇತ. ಬಯಾಲಜಿಯವರಿಗೆ 19 ಅಧ್ಯಾಯ, ಚಿಕ್ಕವು ಎರಡೆರಡು ಒಟ್ಟಿಗೆ ಮುಗಿಯುತ್ತವೆ.

ಜುಲೈ ಆಗಸ್ಟ್‌ನಲ್ಲಿ ಮಲೆನಾಡಿನ ಕಡೆ ಮಳೆಗೆ ರಜೆ ಕೊಡುತ್ತಾರೆ, ಆದರೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಬೇಕಾದ ಪ್ರಶ್ನೆಪತ್ರಿಕೆಗಳನ್ನೆಲ್ಲ ಜೂನ್‌ನಲ್ಲೇ ಇಳಿಸಿ ಜೆರಾಕ್ಸ್ ಮಾಡಿಸಿಡಿ. ಕಾಫಿ ಕೊಯ್ಲು ಇರುವ ಮನೆಯವರು ಡಿಸೆಂಬರ್, ಜನವರಿಯಲ್ಲಿ ಓದಿನ ಗಂಟೆ ಕಮ್ಮಿ ಅಂತ ಈಗಲೇ ಲೆಕ್ಕ ಹಾಕಿಕೊಂಡು, ಹೊಸ ಪಾಠವನ್ನು ನವೆಂಬರ್ ಒಳಗೆ ಮುಗಿಸುವುದು ವಾಸಿ.

ಬೋರ್ಡ್ ಪರೀಕ್ಷೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಮೊದಲನೆಯದರಲ್ಲಿ ಅಂಕ ನಿರೀಕ್ಷೆಗಿಂತ ಕಮ್ಮಿ ಬಂದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ವರ್ಷವಿಡೀ ನೀವೇ ಹಿಡಿದ ಕೆಂಪು ಪೆನ್ನು ಎಲ್ಲಿ ಸಡಿಲವಾಗಿತ್ತು ಅನ್ನುವುದು ಅದರಲ್ಲಿ ಸಾಲುಸಾಲಾಗಿ ಕಾಣುತ್ತದೆ.

ಸಿಇಟಿಯಲ್ಲಿ ಒಂದು ಪ್ರಶ್ನೆಗೆ 80 ಸೆಕೆಂಡ್, ತಪ್ಪಿಗೆ ಕಡಿತ ಇಲ್ಲ. ಒಂದು ವೃತ್ತವನ್ನೂ ಖಾಲಿ ಬಿಡಬಾರದು. ಮೊದಲ ಸುತ್ತಿನಲ್ಲಿ ಕಂಡ ತಕ್ಷಣ ಬರುವುದನ್ನು ಮುಗಿಸಿ, ಎರಡನೇ ಸುತ್ತಿನಲ್ಲಿ ಲೆಕ್ಕ ಬೇಡುವುದನ್ನು ಹಿಡಿಯಿರಿ, ಕೊನೆಯ 3 ನಿಮಿಷ ಉಳಿದದ್ದಕ್ಕೆ. ಓಎಂಆರ್ (ಉತ್ತರದ ವೃತ್ತಗಳಿರುವ ಹಾಳೆ) ತುಂಬುವುದನ್ನು ಕೊನೆಗೆ ಇಟ್ಟುಕೊಂಡವರು ಒಂದು ಸಾಲು ಜಾರಿಸಿ ಹತ್ತು ಉತ್ತರ ಕೆಡಿಸಿಕೊಳ್ಳುತ್ತಾರೆ. ಬಾಲ್ ಪೆನ್ನಿನ ಗುರುತನ್ನು ಅಳಿಸಲಾಗದು. ಹತ್ತು ಪ್ರಶ್ನೆಗೊಮ್ಮೆ ತುಂಬಿ, ಪ್ರಶ್ನೆಯ ಸಂಖ್ಯೆಯನ್ನು ತುಟಿಯಲ್ಲೇ ಹೇಳಿಕೊಂಡು ತುಂಬಿ. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಓಎಂಆರ್ ಹಾಳೆಯ ಜೆರಾಕ್ಸ್ ಮೇಲೇ ಮಾಡಿ. ಮೇ ಮೊದಲ ಭಾನುವಾರದ ನೀಟ್‌ನಲ್ಲಿ ಮಾತ್ರ ಈ ಧೈರ್ಯ ಬೇಡ, ಎರಡು ಆಯ್ಕೆಗಳನ್ನಾದರೂ ಖಚಿತವಾಗಿ ತಳ್ಳಿಹಾಕಲು ಆದರೆ ಗುರುತು ಹಾಕಿ.

ಕೃಷಿಕರ ಮಕ್ಕಳು ಕೃಷಿ, ತೋಟಗಾರಿಕೆ, ಪಶುವೈದ್ಯಕೀಯದಂಥ ಕೋರ್ಸುಗಳಿಗೆ ಕೃಷಿಕ ಕೋಟಾದಲ್ಲಿ ಅರ್ಜಿ ಹಾಕಿದರೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಹಾಸನದ ಕಾರೇಕೆರೆ ಕೃಷಿ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು ಮನೆ ಹತ್ತಿರವೇ ಇರುವಾಗ ಇದನ್ನು ಬಿಡುವುದು ದಡ್ಡತನ. ಬೀಜ, ಗೊಬ್ಬರ, ಕೀಟ, ಉಪಕರಣ ಗುರುತಿಸುವ ಪರೀಕ್ಷೆ ಇದು. ಇಲ್ಲಿ ಕೆಂಪು ಪೆನ್ನನ್ನು ಅಪ್ಪನಿಗೋ ಅಜ್ಜನಿಗೋ ಕೊಡಿ. ಮೊರದಲ್ಲಿ ರಾಗಿ, ಸಾಸಿವೆ, ಅಲಸಂದೆ, ಹುಚ್ಚೆಳ್ಳು, ಹುರುಳಿ, ಸಾಮೆ ಎಲ್ಲ ಒಂದೊಂದು ಚಿಟಿಕೆ ಹಾಕಿಸಿಕೊಂಡು ಹೆಸರು ಹೇಳಿ. ಸಾಸಿವೆಗೂ ರಾಗಿಗೂ ಅನುಮಾನ ಬಂದರೆ ಬೆರಳಲ್ಲಿ ಒತ್ತಿ ನೋಡಿ, ಸಾಸಿವೆ ಜಿಡ್ಡು ಬಿಡುತ್ತದೆ.